ಪಾಲಾದ ಹೊಲವೂ ಕಲಿತ ಕೈಯೂ: ವುರ್ಟೆಂಬರ್ಗ್ ಸೀಮೆಯಿಂದ ಒಂದು ಪಾಠ



ನಮ್ಮ ಸೀಮೆಗೆ ಬಂದ ಬಾಸೆಲ್ ಮಿಶನಿನ ಬೋಧಕರು ಐಶ್ವರ್ಯವುಳ್ಳ ದೇಶದಿಂದ ಬಂದವರೆಂದೂ, ಯೂರೋಪಿನ ಜನರು ಹುಟ್ಟಿನಿಂದಲೇ ಅನುಕೂಲಸ್ಥರೆಂದೂ ನಮ್ಮಲ್ಲಿ ಅನೇಕರು ಎಣಿಸುವದುಂಟು. ಅದು ನಿಜವಲ್ಲ. 1834ನೆಯ ಇಸವಿ ಅಕ್ಟೋಬರ 30ರಂದು ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರಷ್ಟೆ. ಅವರನ್ನು ಕಳುಹಿಸಿದ ಸಂಘವು 1815ರಲ್ಲಿ ಸ್ವಿಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಸ್ಥಾಪಿತವಾದರೂ, ಅದರ ಬೋಧಕರಲ್ಲಿ ಹೆಚ್ಚಿನವರು ಜರ್ಮನಿಯ ತೆಂಕಣ ಭಾಗದ ವುರ್ಟೆಂಬರ್ಗ್ ಸೀಮೆಯವರು. ರೈತರ ಮತ್ತು ಕೈಕಸಬಿನವರ ಮಕ್ಕಳು. ಆ ಸೀಮೆಯವರು ಭೂಮಿಯನ್ನು ಹೇಗೆ ಪಾಲುಮಾಡಿಕೊಂಡರು, ಪಾಲು ಸಾಲದೆ ಹೋದಾಗ ಏನು ಮಾಡಿದರು ಎಂಬದನ್ನು ಈ ಪಾಠದಲ್ಲಿ ವಿಚಾರಿಸೋಣ. ಯಾಕಂದರೆ ಬೆಳುವಾಯಿಯಲ್ಲಿಯೂ ಸುತ್ತಣ ಗ್ರಾಮಗಳಲ್ಲಿಯೂ ಈಗ ಮನೆಮನೆಯಲ್ಲಿ ಎದ್ದಿರುವ ಪ್ರಶ್ನೆ ಇದೇ.

1. ಸಮಪಾಲಿನ ಸೀಮೆ

ವುರ್ಟೆಂಬರ್ಗಿನ ಬಹುಭಾಗದಲ್ಲಿ ತಂದೆಯ ಭೂಮಿಯು ಎಲ್ಲಾ ಮಕ್ಕಳಿಗೆ, ಗಂಡೆಂದೂ ಹೆಣ್ಣೆಂದೂ ಭೇದವಿಲ್ಲದೆ, ಸಮನಾಗಿ ಹಂಚಲ್ಪಡುತ್ತಿತ್ತು. ಇದು ನ್ಯಾಯವಾದದ್ದೇ. ಆದರೆ ಎರಡು ಮೂರು ತಲೆಗಳು ಕಳೆಯುವಷ್ಟರಲ್ಲಿ ಒಂದೊಂದು ಹೊಲವು ಪಟ್ಟಿಪಟ್ಟಿಯಾಗಿ ಹೋಯಿತು. ಒಬ್ಬನ ಭೂಮಿ ಇಲ್ಲೊಂದು ತುಂಡು, ಅಲ್ಲೊಂದು ತುಂಡು. ಅದರ ಮೇಲೆ ಚಳಿಗಾಲದಲ್ಲಿ ಹಿಮ ಬಿದ್ದು ನೇಗಿಲು ಮೂಲೆಗೆ ಸೇರುವ ದೇಶವದು. ನಮ್ಮಲ್ಲಿಯಂತೆ ಏಣಿಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ತೆಗೆಯುವ ಮಾತೇ ಇಲ್ಲ.

1815ರ ಎಪ್ರಿಲಿನಲ್ಲಿ ಜಾವಾದ ಮೂಡಲಲ್ಲಿರುವ ಸುಂಬಾವ ದ್ವೀಪದ ತಂಬೋರ ಎಂಬ ಜ್ವಾಲಾಮುಖಿ ಸಿಡಿಯಿತು. ಅದರ ಧೂಳು ಆಕಾಶದಲ್ಲಿ ಹರಡಿ ಬಿಸಿಲನ್ನು ಮರೆಮಾಡಿದ್ದರಿಂದ 1816ರಲ್ಲಿ ಯೂರೋಪಿಗೆ ಬೇಸಿಗೆಯೇ ಬಾರದೆ ಹೋಯಿತು. ಮಳೆಯಿಂದಲೂ ಚಳಿಯಿಂದಲೂ ಪೈರು ಕೊಳೆತು, ವುರ್ಟೆಂಬರ್ಗಿನಲ್ಲಿ ಕಠಿಣವಾದ ಕ್ಷಾಮ ಉಂಟಾಯಿತು. ಸಾವಿರಾರು ಜನರು ಮನೆಮಾರು ಬಿಟ್ಟು ರೂಸಿಯಕ್ಕೂ ಅಮೇರಿಕಕ್ಕೂ ಹೊರಟುಹೋದರು. ಉಲ್ಮ್ ಪಟ್ಟಣದ ಬಳಿಯ ನೆಲ್ಲಿಂಗೆನ್ ಊರಿನಲ್ಲಿ 1803ರಲ್ಲಿ ಹುಟ್ಟಿದ ಹೆಬಿಕನು ಆಗ ಹದಿಮೂರು ವರುಷದ ಹುಡುಗನು.

2. ಕ್ಷಾಮದ ತರುವಾಯ

ಹಸಿವು ತೀರಿದ ಮೇಲೆ ಆ ಜನರು ಸುಮ್ಮನಿರಲಿಲ್ಲ. 1818ರಲ್ಲಿ ಹೋಹೆನ್‌ಹೈಮ್ ಎಂಬಲ್ಲಿ ಬೇಸಾಯದ ಶಾಲೆ ಹುಟ್ಟಿತು. ಅದೇ ವರುಷ ಬಡವರ ಚಿಲ್ಲರೆ ಹಣವನ್ನು ಕಾಪಾಡುವದಕ್ಕೆ ಉಳಿತಾಯದ ಬೇಂಕು ಸ್ಥಾಪಿತವಾಯಿತು. ಅದೇ ವರುಷ ಕಾನ್‌ಸ್ಟಾಟಿನಲ್ಲಿ ಬೇಸಾಯದ ಜಾತ್ರೆಯೂ ಆರಂಭವಾಯಿತು. ಮಕ್ಕಳೆಲ್ಲರೂ ಶಾಲೆಗೆ ಹೋಗತಕ್ಕದ್ದೆಂಬ ಕಟ್ಟಳೆಯಂತೂ ಅಲ್ಲಿ 1649ರಿಂದಲೇ ಇತ್ತು. ಹೊಲ ಚಿಕ್ಕದಾದ ಮನೆಗಳಲ್ಲಿ ಕೈಕಸಬು ಹೆಚ್ಚಿತು. ಹಿಮ ಬೀಳುವ ತಿಂಗಳುಗಳಲ್ಲಿ ರೈತನೇ ನೇಕಾರನಾದನು.

ಬಾಸೆಲಿನ ಸುತ್ತಣ ಹಳ್ಳಿಗಳಲ್ಲಿಯೂ ಹೀಗೆಯೇ. ಅಲ್ಲಿಯ ರೈತರು ಮನೆಯಲ್ಲಿ ರೇಶ್ಮೆ ಪಟ್ಟಿಗಳನ್ನು ನೇಯುತ್ತಿದ್ದರು. ಆದರೆ ಮಗ್ಗವೂ ನೂಲೂ ಪಟ್ಟಣದ ಸಾವುಕಾರರದು. ಕೂಲಿಯನ್ನು ಗೊತ್ತುಮಾಡುವವರೂ ಅವರೇ. ಹೀಗೆ ಕಸಬು ಹಸಿವನ್ನು ತಡೆಯಿತೇ ಹೊರತು ಎಲ್ಲರನ್ನೂ ಸ್ವತಂತ್ರರನ್ನಾಗಿ ಮಾಡಲಿಲ್ಲ.

3. ಪಾಲಾಗದ ಸೀಮೆ

ಕನ್ನಡ ನಿಘಂಟನ್ನು ರಚಿಸಿ 1894ರಲ್ಲಿ ಮಂಗಳೂರಲ್ಲಿ ಪ್ರಕಟಿಸಿದ ಕಿಟ್ಟೆಲರು ಹುಟ್ಟಿದ್ದು ಜರ್ಮನಿಯ ಬಡಗಣ ಕಡಲ ತೀರದ ಪೂರ್ವ ಫ್ರೀಸಿಯ ಸೀಮೆಯಲ್ಲಿ. ಅಲ್ಲಿಯ ವಾಡಿಕೆ ಬೇರೆ. ತೀರದ ಹೊಲಮನೆಯು ಒಡೆಯದೆ ಒಬ್ಬನ ಕೈಗೆ ಬರುತ್ತಿತ್ತು. ಆದದರಿಂದ ದೊಡ್ಡ ಹೊಲಗಳು ಉಳಿದವು, ಹೊಲವಿಲ್ಲದ ಕೂಲಿಯವರೂ ಹೆಚ್ಚಿದರು. ಆ ನೆಲವು ಸಮುದ್ರದ ಮಟ್ಟಕ್ಕೆ ತಗ್ಗಾಗಿರುವದರಿಂದ ನೀರನ್ನು ತಡೆಯುವ ಒಡ್ಡನ್ನು ಎಲ್ಲಾ ಒಕ್ಕಲುಗಳೂ ಪಾಲಿಗನುಸಾರವಾಗಿ ಕಾಯಬೇಕಾಗಿತ್ತು. 1717ರ ಕ್ರಿಸ್ಮಸ್ಸಿನ ಪ್ರವಾಹದಲ್ಲಿ ಆ ತೀರದ ಸಾವಿರಾರು ಜನರು ಸತ್ತರು. ತನ್ನ ಪಾಲಿನ ಒಡ್ಡನ್ನು ಕಟ್ಟಲಾರದವನು ಅದರ ಮೇಲೆ ಸನಿಕೆಯನ್ನು ನೆಟ್ಟುಹೋಗುತ್ತಿದ್ದನು. ಅದನ್ನು ಕಿತ್ತವನಿಗೆ ಹೊಲವೂ ಒಡ್ಡಿನ ಹೊಣೆಯೂ ಒಟ್ಟಿಗೆ ಸೇರುತ್ತಿದ್ದವು. ನಾವು ತೋಡಿಗೆ ಕಟ್ಟ ಕಟ್ಟುವಾಗ ಒಬ್ಬ ತಪ್ಪಿದರೆ ಎಲ್ಲರ ಗದ್ದೆ ಒಣಗುವದಲ್ಲವೇ? ಇದೂ ಅಂಥದ್ದೇ.

4. ನಮ್ಮ ಸೀಮೆಯಲ್ಲಿ

ಈ ಅನುಭವವುಳ್ಳ ಜನರು ತುಳುನಾಡಿಗೆ ಬಂದಾಗ ಏನು ಕಂಡರು? ಕ್ರೈಸ್ತರಾದವರಲ್ಲಿ ಅನೇಕರು ಅಳಿಯಸಂತಾನದ ಕುಟುಂಬದಿಂದಲೂ ಗೇಣಿಯ ಗದ್ದೆಯಿಂದಲೂ ಹೊರಗಾಗಿ, ಜೀವನಕ್ಕೆ ದಾರಿ ಇಲ್ಲದೆ ನಿಂತಿದ್ದರು. ತಮ್ಮ ಊರಿನಲ್ಲಿ ಹೊಲ ಸಾಲದವರಿಗೆ ಕಸಬು ಆಸರೆಯಾದದ್ದನ್ನು ಅರಿತಿದ್ದ ಬೋಧಕರು ಇಲ್ಲಿಯೂ ಅದನ್ನೇ ಮಾಡಿದರು. 1851ರಲ್ಲಿ ಬಂದ ಹಾಲ್ಲರನು ಮಂಗಳೂರಲ್ಲಿ ನೇಯ್ಗೆಯನ್ನು ಬೆಳೆಸಿದನು. 1865ರಲ್ಲಿ ಪ್ಲೆಬ್ಸ್ಟನು ನೇತ್ರಾವತಿಯ ಬಳಿಯ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದನು. ಹೊಳೆಯ ದಡದ ಜೇಡಿಮಣ್ಣು ಮಂಗಳೂರು ಹೆಂಚೆಂದು ಸಮುದ್ರದಾಚೆಗೂ ಹೋಯಿತು. ಹುಲ್ಲು ಮಾಡುಗಳಿಗೆ ಬೆಂಕಿಯ ಭಯ ತಪ್ಪಿತು.

ಆದರೆ ಒಂದೇ ಯಜಮಾನನನ್ನು ನಂಬಿದ ಜೀವನಕ್ಕೆ ಭದ್ರವಿಲ್ಲ. 1914ರಲ್ಲಿ ಯುದ್ಧ ಹುಟ್ಟಿದಾಗ ಜರ್ಮನ್ ಬೋಧಕರು ಸೆರೆಯಾದರು. ಕಾರ್ಖಾನೆಗಳು ಬ್ರಿಟಿಷ್ ಸರಕಾರದ ವಶವಾಗಿ ಕಡೆಗೆ ಬೇರೆ ಕಂಪೆನಿಗೆ ಸೇರಿದವು. ಕೆಲಸಗಾರರನ್ನು ಯಾರೂ ಕೇಳಲಿಲ್ಲ. ಮನೆಗಳಿಗೆ ತಾರಸಿ ಬಂದ ಮೇಲೆ ಹೆಂಚಿನ ಕಾರ್ಖಾನೆಗಳಲ್ಲಿ ಬಹಳಷ್ಟು ಮುಚ್ಚಿಹೋಗಿವೆ.

5. ನಮಗೆ ಬುದ್ಧಿ

1974ರ ಭೂಸುಧಾರಣೆಯ ಕಾನೂನಿನಿಂದ ನಮ್ಮ ಜಿಲ್ಲೆಯ ಚಾಲಗೇಣಿ ಒಕ್ಕಲುಗಳು ಡಿಕ್ಲರೇಶನ್ ಕೊಟ್ಟು ಭೂಮಿಯ ಒಡೆಯರಾದರು. ಅಂದು ಅಜ್ಜನಿಗೆ ದೊರೆತ ಬೈಲು, ಮಜಲು, ಬೆಟ್ಟು ಇಂದು ಮೊಮ್ಮಕ್ಕಳಿಗೆ ಪಾಲಾಗುತ್ತಿದೆ. ಮರಣಶಾಸನ ಬರೆಯದೆ ತೀರಿಹೋದ ಕ್ರೈಸ್ತನ ಆಸ್ತಿಯಲ್ಲಿ, 1925ರ ಭಾರತೀಯ ಉತ್ತರಾಧಿಕಾರ ಕಾನೂನಿನ ಮೇರೆಗೆ, ಹೆಂಡತಿಗೆ ಮೂರರಲ್ಲಿ ಒಂದು ಪಾಲು. ಉಳಿದದ್ದು ಗಂಡುಹೆಣ್ಣೆನ್ನದೆ ಮಕ್ಕಳೆಲ್ಲರಿಗೆ ಸಮ. ವುರ್ಟೆಂಬರ್ಗಿನ ವಾಡಿಕೆಯೇ ನಮ್ಮ ಕಾನೂನೂ ಆಗಿದೆ.

ಗದ್ದೆ ತುಂಡಾಗಬಾರದೆಂದು ಹೇಳಿ, ಮದುವೆಯಾಗಿ ಹೋದ ಅಕ್ಕತಂಗಿಯರಿಂದ ಹಕ್ಕುಬಿಡುಗಡೆಯ ಕಾಗದಕ್ಕೆ ಒತ್ತಾಯದಿಂದ ರುಜು ತೆಗೆಯುವವರಿದ್ದಾರೆ. ಒಡ್ಡಿನ ಸೀಮೆಯವರು ಹೊಲವನ್ನು ಇಡಿಯಾಗಿ ಉಳಿಸಿ ಕೆಲವರನ್ನು ಕೂಲಿಗೆ ತಳ್ಳಿದ ಹಾಗೆಯೇ ಇದು. ಬಡತನಕ್ಕೆ ತಂಗಿಯ ಪಾಲು ಕಾರಣವಲ್ಲ. ಹೊಲವೊಂದನ್ನೇ ನಂಬಿ ಮಕ್ಕಳಿಗೆ ಬೇರೆ ಏನನ್ನೂ ಕಲಿಸದಿರುವದು ಕಾರಣ. ಆದದರಿಂದ ಪಾಲು ಕಾಗದದಲ್ಲಿ ನ್ಯಾಯವಾಗಿ ಆಗಲಿ, ಬೇಸಾಯ ಒಟ್ಟಾಗಿ ನಡೆಯಲಿ, ಹುಟ್ಟುವಳಿ ಪಾಲಿನಂತೆ ಹಂಚಲ್ಪಡಲಿ. ಪ್ರತಿಯೊಬ್ಬ ಮಗನಿಗೂ ಮಗಳಿಗೂ ವಿದ್ಯೆಯೊಂದಿಗೆ ಒಂದು ಕಸಬು ಬರಲಿ. ಆ ಕಸಬಿನ ಉಪಕರಣಗಳು ಸಾಧ್ಯವಾದ ಮಟ್ಟಿಗೆ ಅವರವರ ಸ್ವಂತದ್ದಾಗಿರಲಿ. ಉಳಿತಾಯವು ಸೊಸೈಟಿಯಲ್ಲಿಯೋ ಬೇಂಕಿನಲ್ಲಿಯೋ ಕೂಡಲಿ.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ವುರ್ಟೆಂಬರ್ಗಿನ ಸಮಪಾಲಿನಿಂದಾದ ಹಿತವೇನು, ಕಷ್ಟವೇನು?
2. ಪೂರ್ವ ಫ್ರೀಸಿಯದಲ್ಲಿ ಹೊಲ ಉಳಿಯಿತು. ಉಳಿಯದೆ ಹೋದವರು ಯಾರು?
3. ಬಾಸೆಲಿನ ನೇಕಾರನಿಗೂ ಜೆಪ್ಪುವಿನ ಹೆಂಚಿನ ಕೆಲಸಗಾರನಿಗೂ ಇದ್ದ ಒಂದೇ ಕೊರತೆ ಯಾವದು?
4. ನಮ್ಮ ಮನೆಯ ಪಾಲಿನ ಕಾಗದದಲ್ಲಿ ಹೆಣ್ಣುಮಕ್ಕಳ ಹೆಸರುಂಟೋ?