ಪದಕದ ಅಂಚು ಮೊದಲು ಓದು

ಮಗಾ, ಮುತ್ತಾತನ ಪದಕ ಹಳೇ ಟ್ರಂಕಿನಲ್ಲಿ ಸಿಕ್ಕಿತು ಅಂತ ನೀನು ಫೋಟೊ ಕಳಿಸಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಜೊತೆಗೆ, ಮೊದಲ ಮಹಾಯುದ್ಧದ ಹೈಫಾ ಕದನದ ದಿನ, ಸೆಪ್ಟೆಂಬರ್ 23ಕ್ಕೆ, ನಮ್ಮೂರು ಬೈರಾಪಟ್ಟಣದಲ್ಲಿ ‘ಹೈಫಾ ವೀರ’ ಅಂತ ಫ್ಲೆಕ್ಸ್ ಕಟ್ಟಿಸುತ್ತೇನೆ ಎಂದೂ ಬರೆದಿದ್ದೀಯ. ಕಟ್ಟಿಸಬೇಡ ಎನ್ನುವುದಿಲ್ಲ. ಆದರೆ ಅವರು ನಿಜವಾಗಿ ಎಲ್ಲಿಗೆ ಹೋಗಿದ್ದರು ಎಂದು ತಿಳಿದುಕೊಂಡ ಮೇಲೆ ಕಟ್ಟಿಸು.

ಮೊದಲನೆಯದಾಗಿ, ಅದನ್ನು ಉಜ್ಜಬೇಡ. ಆಯುಧಪೂಜೆಗೆ ಹಿತ್ತಾಳೆ ಪಾತ್ರೆಗಳ ಜೊತೆ ಪದಕವನ್ನೂ ಹುಣಸೆಹಣ್ಣು ಹಾಕಿ ತಿಕ್ಕಿಟ್ಟ ಮನೆಗಳನ್ನು ನಾನು ನೋಡಿದ್ದೇನೆ. ಪದಕ ಫಳಫಳ ಹೊಳೆಯುತ್ತದೆ, ಅಂಚಿನ ಮೇಲಿನ ಅಕ್ಷರ ಸವೆದುಹೋಗುತ್ತದೆ. ನೀನು ಕಳಿಸಿದ ಫೋಟೊದಲ್ಲಿ ಎರಡೂ ಮುಖಗಳಿವೆ, ಅಂಚು ಇಲ್ಲ. ಇರುವುದೆಲ್ಲಾ ಅಂಚಿನಲ್ಲೇ ಕಣಪ್ಪ. ಮೊದಲ ಮಹಾಯುದ್ಧದ ಪದಕಗಳ ಅಂಚಿನ ಸುತ್ತ ಸೈನಿಕನ ನಂಬರು, ದರ್ಜೆ, ಹೆಸರು, ದಳದ ಹೆಸರನ್ನು ಇಂಗ್ಲಿಷಿನಲ್ಲಿ ಮುದ್ರೆ ಒತ್ತಿರುತ್ತಿದ್ದರು. ಬೆಳಗಿನ ಓರೆ ಬಿಸಿಲಿಗೆ ಹಿಡಿದು, ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಫೋಟೊ ತೆಗೆ. ಹೆಸರು ನಮ್ಮ ಉಚ್ಚಾರದಂತೆ ಇಲ್ಲ ಎಂದು ಗಾಬರಿಯಾಗಬೇಡ. ಕಿವಿಗೆ ಬಿದ್ದ ಹಾಗೆ ಗುಮಾಸ್ತ ಬರೆದದ್ದು ಅದು. ಹೆಸರಿಗಿಂತ ನಂಬರನ್ನು ನಂಬು.

ನಿನ್ನ ಕೈಯಲ್ಲಿರುವುದು ಹಳದಿ ಬಣ್ಣದ್ದು, ರೆಕ್ಕೆಯ ದೇವತೆ ಇರುವುದು, ಕಾಮನಬಿಲ್ಲಿನ ಬಣ್ಣದ ರಿಬ್ಬನ್ನಿನದು. ಅದರ ಹೆಸರು ವಿಕ್ಟರಿ ಮೆಡಲ್. ಅದೊಂದನ್ನೇ ಯಾರಿಗೂ ಕೊಡುತ್ತಿರಲಿಲ್ಲ. ಜೊತೆಗೆ ಬ್ರಿಟಿಷ್ ವಾರ್ ಮೆಡಲ್ ಇರಲೇಬೇಕು. ಒಂದು ಕಡೆ ಐದನೇ ಜಾರ್ಜ್ ದೊರೆಯ ತಲೆ, ಇನ್ನೊಂದು ಕಡೆ ಕುದುರೆ ಸವಾರ. ಸೈನಿಕರಿಗೆ ಕೊಟ್ಟದ್ದು ಬೆಳ್ಳಿಯದು, ಕೂಲಿ ದಳಗಳವರಿಗೆ ಕಂಚಿನದು. ನಿಮ್ಮ ಮನೆಯ ಬೆಳ್ಳಿ ಪದಕ ಎಲ್ಲಿ ಹೋಯಿತು ಎಂದು ಯಾರನ್ನೂ ದೂರಬೇಡ. ಬರಗಾಲಕ್ಕೋ, ಹೆಣ್ಣುಮಗಳ ಮದುವೆಗೋ ಗಿರವಿ ಅಂಗಡಿ ಸೇರಿ ಕರಗಿದ ಬೆಳ್ಳಿ ಪದಕಗಳು ಎಷ್ಟೋ. ಹಳದಿಯದು ಉಳಿದದ್ದು ಅದಕ್ಕೆ ಬೆಲೆ ಬಾರದ ಕಾರಣಕ್ಕೆ. ಹೊಟ್ಟೆಗಿಲ್ಲದ ಕಾಲದಲ್ಲಿ ಆ ಬೆಳ್ಳಿಯಿಂದ ಮಕ್ಕಳು ಉಂಡಿದ್ದರೆ ಮುತ್ತಾತನೇ ಬೇಡ ಎನ್ನುತ್ತಿರಲಿಲ್ಲ.

ಇನ್ನೊಂದನ್ನು ಟ್ರಂಕಿನ ತಳದಲ್ಲಿ ಹುಡುಕು. ಎರಡು ಕತ್ತಿಗಳು ಅಡ್ಡಡ್ಡ ಇರುವ, 1914-15 ಎಂದು ಬರೆದ ಕಂಚಿನ ನಕ್ಷತ್ರ. ಇದರ ಹೆಸರಿನ ಸಾಲು ಅಂಚಿನಲ್ಲಿ ಅಲ್ಲ, ಹಿಂಬದಿಯಲ್ಲಿ. ಅದು ಸಿಕ್ಕಿದರೆ ಮುತ್ತಾತ 1915 ಮುಗಿಯುವುದರೊಳಗೆ ಯುದ್ಧಭೂಮಿಯಲ್ಲಿದ್ದರು ಎಂದು ಖಚಿತ. ಅದು ಅವರಿಗೆ ಬಂದೇ ಇಲ್ಲವೆಂದಾದರೆ, ಹೋದದ್ದು ಆಮೇಲೆ. ವಿಕ್ಟರಿ ಮೆಡಲ್ ಇರುವುದರಿಂದ, ಅವರು ಬೆಂಗಳೂರಿನಲ್ಲೇ ಕುಳಿತಿರಲಿಲ್ಲ ಎನ್ನುವುದಂತೂ ಈಗಲೇ ಗೊತ್ತಾಯಿತು.

ಈಗ ಹೈಫಾದ ವಿಷಯ. ಅಂಚಿನಲ್ಲಿ ಮೈಸೂರು ಲ್ಯಾನ್ಸರ್ಸ್ ಎಂದಿದ್ದರೆ ಮಾತ್ರ ಆ ಮಾತು ಎತ್ತಬಹುದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸಂಸ್ಥಾನ ಕಳಿಸಿದ ಕುದುರೆ ಪಡೆ ಅದು. 1914ರ ಕೊನೆಗೆ ಈಜಿಪ್ಟಿಗೆ ಹೋಗಿ, 1920ರಲ್ಲಿ ವಾಪಸು ಬಂತು. 1918ರ ಸೆಪ್ಟೆಂಬರ್ 23ರಂದು ಜೋಧಪುರ ಲ್ಯಾನ್ಸರ್ಸ್ ಹೈಫಾ ಪಟ್ಟಣದತ್ತ ನುಗ್ಗಿದಾಗ, ಮೈಸೂರಿನ ಸವಾರರ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಕಡಿದಾದ ಇಳಿಜಾರನ್ನೇರಿ ಮೇಲಿದ್ದ ಫಿರಂಗಿಗಳ ಮೇಲೆ ಬಿತ್ತು. ಮೆಷಿನ್‌ಗನ್ನುಗಳ ಎದುರು ಈಟಿ, ಕತ್ತಿ ಹಿಡಿದು ಹೋದವರು ಅವರು. ಆ ದಿನ ಸೆರೆ ಸಿಕ್ಕ ಶತ್ರು ಸೈನಿಕರ ಸಂಖ್ಯೆ ಸುಮಾರು 1,350. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂರು ಪ್ರತಿಮೆಗಳು ಜೋಧಪುರ, ಹೈದರಾಬಾದ್, ಮೈಸೂರು ಸವಾರರವು. ಬೆಂಗಳೂರಿನ ಜೆ.ಸಿ. ನಗರದಲ್ಲಿ ನಮ್ಮ ಲ್ಯಾನ್ಸರ್ಸ್ ಸ್ಮಾರಕವೇ ಇದೆ. ಒಮ್ಮೆ ಹೋಗಿ ನಿಂತು ನೋಡಿ ಬಾ.

ಆದರೆ ಇದನ್ನು ಗಮನಿಸು. ಬೆಟ್ಟ ಹತ್ತಿದ್ದು ಒಂದು ತುಕಡಿ, ಇಡೀ ಪಡೆಯಲ್ಲ. ಆ ಪಡೆಯ ಹೆಚ್ಚಿನ ದಿನಗಳು ಕಳೆದದ್ದು ಸೂಯೆಜ್ ಕಾಲುವೆಯ ಕಾವಲಿನಲ್ಲಿ, ಮರಳುಗಾಡಿನ ಗಸ್ತಿನಲ್ಲಿ, ಕುದುರೆಗೆ ನೀರು ಹೊಂಚುವುದರಲ್ಲಿ. ಹೈಫಾ ಆಗಿ ಒಂದು ತಿಂಗಳಿಗೆ, ಅಕ್ಟೋಬರ್ 26ರಂದು, ಅಲೆಪ್ಪೊ ಹತ್ತಿರದ ಹರಿತಾನ್ ಎಂಬಲ್ಲಿ ಮೈಸೂರು, ಜೋಧಪುರದ ಇದೇ ಸವಾರರು ತಮಗಿಂತ ಬಹಳ ದೊಡ್ಡ ಸೈನ್ಯದ ಮೇಲೆ ನುಗ್ಗಿದರು. ಅಲ್ಲಿ ಸತ್ತವರೂ ಗಾಯಗೊಂಡವರೂ ಹೈಫಾಕ್ಕಿಂತ ಹೆಚ್ಚು. ಹರಿತಾನಿಗೆ ಫ್ಲೆಕ್ಸ್ ಕಟ್ಟುವವರಿಲ್ಲ. ಮುತ್ತಾತ ಇದ್ದದ್ದು ಅಲ್ಲೇ ಇರಬಹುದು, ಇಲ್ಲವೇ ಲಾಯದಲ್ಲಿ ಕುದುರೆಗಳ ಕಾಯಿಲೆ ನೋಡಿಕೊಂಡಿರಬಹುದು. ಯಾವುದೇ ಆಗಿದ್ದರೂ ಅದನ್ನೇ ಬರೆ. ಅವರು ಮಾಡದ ಕೆಲಸವನ್ನು ಅವರ ಹೆಸರಿಗೆ ಬರೆದರೆ, ಮಾಡಿದ ಕೆಲಸ ಅಳಿಸಿಹೋಗುತ್ತದೆ. ಚನ್ನಪಟ್ಟಣದ ಕಡೆಯಿಂದ ಸಮುದ್ರ ದಾಟಿ, ಮನೆಯವರಿಗೆ ಬದುಕಿದ್ದೇನೆ ಎಂದು ತಿಳಿಸಲೂ ಇನ್ನೊಬ್ಬರ ಕೈಯಲ್ಲಿ ಕಾಗದ ಬರೆಸಬೇಕಾಗಿದ್ದ ಮನುಷ್ಯನಿಗೆ ಬೇರೆ ಬಿರುದು ಬೇಕಿಲ್ಲ.

ಅಂಚಿನಲ್ಲಿ ಮದ್ರಾಸ್ ಸ್ಯಾಪರ್ಸ್ ಎಂದಿದ್ದರೆ ದಾರಿಯೇ ಬೇರೆ. ಅವರ ಮನೆ ಬೆಂಗಳೂರಿನ ಹಲಸೂರಿನಲ್ಲಿರುವ ಎಂ.ಇ.ಜಿ. (ಮದ್ರಾಸ್ ಎಂಜಿನಿಯರ್ ಗ್ರೂಪ್) ಕೇಂದ್ರ. ಲ್ಯಾನ್ಸರ್ಸ್ ಸ್ವಾತಂತ್ರ್ಯದ ನಂತರ 61ನೇ ಕ್ಯಾವಲ್ರಿಯಲ್ಲಿ ಸೇರಿಹೋಯಿತು. ಸಂಸ್ಥಾನದ ಕಾಲಾಳು ಪಡೆಯಾದ ಮೈಸೂರು ಇನ್‌ಫೆಂಟ್ರಿ ಸೇರಿದ್ದು ಮದ್ರಾಸ್ ರೆಜಿಮೆಂಟಿಗೆ, ಅದರ ಕೇಂದ್ರ ನೀಲಗಿರಿಯ ವೆಲಿಂಗ್ಟನ್ನಿನಲ್ಲಿದೆ. ಆದರೆ ಸಂಸ್ಥಾನದ ಪಡೆಗಳ ಕಡತಗಳನ್ನು ನೀನು ಮೊದಲು ಕೇಳಬೇಕಾದದ್ದು ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ, ಆಮೇಲೆ ಮೈಸೂರಿನ ವಿಭಾಗೀಯ ಪತ್ರಾಗಾರದಲ್ಲಿ. ಅಲ್ಲಿ ಕೂತು ಓದುವುದಕ್ಕೆ ತಾಳ್ಮೆ ಬೇಕು. ಜಿಲ್ಲೆಯ ಹೆಸರು ಕೇಳಿದರೆ ರಾಮನಗರ ಎನ್ನಬೇಡ, ಬೆಂಗಳೂರು ದಕ್ಷಿಣ ಎಂಬ ಈಗಿನ ಹೆಸರನ್ನೂ ಹೇಳಬೇಡ. ಆ ಜಿಲ್ಲೆ ಆದದ್ದೇ 2007ರಲ್ಲಿ. ಮುತ್ತಾತನ ಕಾಲದಲ್ಲಿ ನಾವು ಬೆಂಗಳೂರು ಜಿಲ್ಲೆಯವರು, ರಾಮನಗರಕ್ಕೆ ಕ್ಲೋಸ್‌ಪೇಟೆ ಎಂದು ಹೆಸರು. ಹಳೆಯ ಕಾಗದದಲ್ಲಿ ಹಳೆಯ ಹೆಸರಿನಿಂದಲೇ ಹುಡುಕಬೇಕು.

ನಿನ್ನ ಗೆಳೆಯನ ಮನೆಯಲ್ಲೂ ನಕ್ಷತ್ರಗಳಿವೆ ಎಂದೆಯಲ್ಲ, ಅವು ಆರು ಮೂಲೆಯವಾದರೆ ಎರಡನೇ ಮಹಾಯುದ್ಧದವು. ಬರ್ಮಾ ಸ್ಟಾರ್, ಆಫ್ರಿಕಾ ಸ್ಟಾರ್ ಎಂದು ಜಾಗದ ಹೆಸರು ಅದರ ಮೇಲೇ ಇರುತ್ತದೆ. ಭಾರತದ ನಕ್ಷೆಯಿರುವ ಪದಕ ದೇಶದೊಳಗಿನ ಸೇವೆಗೆ ಕೊಟ್ಟದ್ದು. ಪೆಸಿಫಿಕ್ ಸ್ಟಾರ್ ಕಂಡರೆ ಮಾತ್ರ ಆ ಮನೆಯವರನ್ನು ಮೆತ್ತಗೆ ಮಾತಾಡಿಸು. ಸಿಂಗಪುರದಲ್ಲಿ ಕಾದಾಡಿದವರಿಗೂ ಅದೇ ನಕ್ಷತ್ರ. 1942ರ ಫೆಬ್ರವರಿ 15ರಂದು ಸಿಂಗಪುರ ಬಿದ್ದಾಗ ಮೈಸೂರು ಇನ್‌ಫೆಂಟ್ರಿಯೂ ಸೆರೆಯಾಯಿತು. ಯುದ್ಧ ಮುಗಿದದ್ದು 1945ರಲ್ಲಿ. ಅಷ್ಟು ವರ್ಷ ತಾಳಿ ಇಟ್ಟುಕೊಳ್ಳಬೇಕೋ ತೆಗೆಯಬೇಕೋ ತಿಳಿಯದೆ ಕಾದ ಹೆಂಗಸರಿದ್ದರು. ತೀರಿಹೋದವರ ಹೆಸರನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ದುಡ್ಡಿಲ್ಲದೆ ಹುಡುಕಬಹುದು. ಸಮಾಧಿಯೇ ಇಲ್ಲದವರ ಹೆಸರುಗಳು ಸಿಂಗಪುರದ ಕ್ರಾಂಜಿ ಸ್ಮಾರಕದ ಗೋಡೆಗಳ ಮೇಲಿವೆ.

ಊರಿನ ಕಾಗದಗಳನ್ನೂ ಮರೆಯಬೇಡ. ಪಿಂಚಣಿ ಪುಸ್ತಕ, ಡಿಸ್ಚಾರ್ಜ್ ಬುಕ್ಕು, ಜಮೀನು ಮಂಜೂರಾಗಿದ್ದರೆ ಸಾಗುವಳಿ ಚೀಟಿ. ಇವು ಪಹಣಿ, ಕಂದಾಯದ ರಸೀದಿಗಳ ಕಟ್ಟಿನಲ್ಲೇ ಸೇರಿಕೊಂಡಿರುತ್ತವೆ, ‘ಹಳೇ ಕಾಗದ’ ಎಂದು ಯಾರೂ ಬಿಚ್ಚಿರುವುದಿಲ್ಲ. ಸಿಕ್ಕಿದ್ದರ ಜೆರಾಕ್ಸ್ ಮಾಡಿಸು, ಮೂಲವನ್ನು ಯಾರ ಕೈಗೂ ಕೊಡಬೇಡ. ಪದಕವನ್ನು ಕೊಳ್ಳುತ್ತೇನೆ ಎಂದು ಬರುವವರಿದ್ದಾರೆ. ಹೆಸರು ಕೊರೆದ ಪದಕಕ್ಕೆ ಅವರು ಹೇಳುವ ಬೆಲೆ ಕೇಳಿ ಆಸೆಯಾದರೂ ಕೊಡಬೇಡ.

ಇವೆಲ್ಲಕ್ಕಿಂತ ಮುಂಚೆ ಆಗಬೇಕಾದದ್ದು ಒಂದಿದೆ. ಪತ್ರಾಗಾರ ಇನ್ನೂ ಹತ್ತು ವರ್ಷ ಇರುತ್ತದೆ, ನಿನ್ನ ದೊಡ್ಡಜ್ಜಿ ಇರುತ್ತಾರೋ ಇಲ್ಲವೋ. ಸೊಸೆಯಾಗಿ ಬಂದು ನಿನ್ನ ಮುತ್ತಾತನಿಗೆ ಮುದ್ದೆ ಬಡಿಸಿದವರು ಅವರು. ಯುದ್ಧ ಹೇಗಿತ್ತು ಎಂದು ಕೇಳಿದರೆ ನನಗೇನು ಗೊತ್ತು ಎನ್ನುತ್ತಾರೆ. ಮಾವ ರಾತ್ರಿ ಏಳುತ್ತಿದ್ದರೇ, ಯಾವ ಊರಿನ ಹೆಸರು ಹೇಳುತ್ತಿದ್ದರು, ಬೇರೆ ಭಾಷೆಯ ಮಾತು ಬರುತ್ತಿತ್ತೇ, ಕುದುರೆ ಕಂಡರೆ ಏನು ಮಾಡುತ್ತಿದ್ದರು ಎಂದು ಕೇಳು. ಕೇಳಿದ್ದನ್ನು ಕೇಳಿದ ಹಾಗೇ ಬರೆದುಕೊಂಡು, ದಿನಾಂಕ ಹಾಕು. ಪದಕದ ಅಂಚಿನ ಫೋಟೊ ನನಗೆ ಕಳಿಸು. ದಳದ ಹೆಸರು ಯಾವುದೆಂದು ತಿಳಿದ ದಿನ ಪತ್ರಾಗಾರಕ್ಕೆ ಬರೆಯಬೇಕಾದ ಅರ್ಜಿಯನ್ನು ಇಬ್ಬರೂ ಕೂತು ಬರೆಯೋಣ.