ಕೇಜಿನಲ್ಲಿ ನಿಂತವರು

ಮಗಳೇ,

ಹೋದ ಭಾನುವಾರ ಆರಾಧನೆ ಮುಗಿದ ಮೇಲೆ ನೀನು ಕೇಳಿದ್ದಕ್ಕೆ ಅಲ್ಲೇ ಉತ್ತರ ಕೊಡಲು ನನಗೆ ಆಗಲಿಲ್ಲ. ಒಂದು ಕಡೆ ಕುವೈತಿನ ಆಸ್ಪತ್ರೆ, ಇನ್ನೊಂದು ಕಡೆ ಇಲ್ಲೇ ಬಂಗಾರಪೇಟೆ ಹತ್ತಿರದ ಕೆಲಸ. "ತಾತ, ಇದರಲ್ಲಿ ದೇವರ ಚಿತ್ತ ಯಾವುದು ಅಂತ ಹೇಗೆ ಗೊತ್ತಾಗುತ್ತೆ?" ಅಂದೆ. ವಾರವಿಡೀ ಅದೇ ಯೋಚನೆಯಲ್ಲಿದ್ದೇನೆ.

ನಾನು ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ವೈಂಡಿಂಗ್ ಇಂಜಿನ್ ಡ್ರೈವರ್ ಆಗಿದ್ದದ್ದು ನಿನಗೆ ಗೊತ್ತು. ಆ ಕೆಲಸ ಏನೆಂದು ಯಾವತ್ತೂ ಬಿಡಿಸಿ ಹೇಳಿಲ್ಲ. ಗಣಿಗೆ ಇಳಿಯುವವರು ನಿಲ್ಲುವ ಕೇಜನ್ನು ಇಂಜಿನ್ನಿನ ಹಗ್ಗದಿಂದ ಇಳಿಸಿ ಏರಿಸುವುದು ಆ ಕೆಲಸ. ನಾನು ಕೂತ ಜಾಗದಿಂದ ಶಾಫ್ಟಿನೊಳಗಿನ ಕೇಜು ಕಾಣುತ್ತಿರಲಿಲ್ಲ. ಗಂಟೆ ಕೇಳಿಸುತ್ತಿತ್ತು, ಕೇಜು ಎಷ್ಟು ಆಳದಲ್ಲಿದೆ ಎಂದು ಎದುರಿನ ಮುಳ್ಳು ತೋರಿಸುತ್ತಿತ್ತು. ಕಲ್ಲು ತುಂಬಿದಾಗಿನ ಗಂಟೆ ಬೇರೆ, ಮನುಷ್ಯರು ಹತ್ತಿದಾಗಿನ ಗಂಟೆ ಬೇರೆ. ಮನುಷ್ಯರ ಗಂಟೆ ಬಡಿದರೆ ನನ್ನ ಕೈ ತಾನಾಗಿ ಮೆತ್ತಗಾಗುತ್ತಿತ್ತು. ಮೂರು ಕಿಲೋಮೀಟರಿಗೂ ಆಳದ ಗಣಿ ಅದು. ಇಳಿಯುವವರು ಮೈಗೆ ಮೈ ಒತ್ತಿ ಕತ್ತಲಲ್ಲಿ ನಿಂತಿರುತ್ತಿದ್ದರು. ಅವರಲ್ಲಿ ಎಷ್ಟೋ ಜನ ನನ್ನ ಮುಖವನ್ನೇ ನೋಡಿದವರಲ್ಲ. ಆದರೂ ಹತ್ತುತ್ತಿದ್ದರು. ಕಣ್ಣುಮುಚ್ಚಿ ನಂಬಿದ್ದರು ಅನ್ನಬೇಡ. ಹಗ್ಗವನ್ನು ದಿನವೂ ನೋಡುವವರಿದ್ದರು. ನಿನ್ನೆ ಇಳಿಸಿದವನೇ ಸಂಜೆ ಮೇಲಕ್ಕೂ ತಂದಿದ್ದ ಎಂಬ ನೆನಪು ಅವರಿಗಿತ್ತು.

ಅಷ್ಟು ಜನರ ನಂಬಿಕೆಯನ್ನು ಕೈಯಲ್ಲಿ ಹಿಡಿದಿದ್ದ ನಾನು ದೇವರನ್ನು ಅದರ ಕಾಲುಭಾಗವೂ ನಂಬಿರಲಿಲ್ಲ. 2001ರ ಫೆಬ್ರವರಿ 28ರಂದು ಮೈನ್ಸ್ ಮುಚ್ಚಿತು. ಆಮೇಲೆ ಒಂದು ವರ್ಷ ದಿನಾ ಮಂಡಿಯೂರಿದೆ. ಬಾಯಲ್ಲಿ "ಕರ್ತನೇ, ನಿನ್ನ ಚಿತ್ತ ತೋರಿಸು" ಎನ್ನುತ್ತಿದ್ದೆ, ಒಳಗೆ ಬೇಡುತ್ತಿದ್ದದ್ದು ಮೈನ್ಸ್ ತೆರೆಸು ಎಂದು ಮಾತ್ರ. ಸಭೆಯಲ್ಲಿ ಸಾಕ್ಷಿ ಹೇಳುವಾಗಲೂ ದೇವರು ಮೈನ್ಸ್ ತೆರೆಸುತ್ತಾನೆ ಎಂದೆ. ಎಲ್ಲರೂ ಆಮೆನ್ ಅಂದರು. ಅದನ್ನೇ ವಿಶ್ವಾಸ ಎಂದುಕೊಂಡಿದ್ದೆ. ನಿಜವಾಗಿ ನನ್ನ ಆಸೆಗೆ ದೇವರ ಸಹಿ ಹಾಕಿಸಲು ಓಡಾಡುತ್ತಿದ್ದೆ. ವೈಟ್‌ಫೀಲ್ಡ್ ಕಡೆ ಕೆಲಸವಿದೆ ಎಂದು ಸಭೆಯ ಹಿರಿಯರೊಬ್ಬರು ಎರಡು ಸಲ ಹೇಳಿಕಳಿಸಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಿನ್ನ ಅಜ್ಜಿ ವಾದ ಮಾಡಲಿಲ್ಲ. ಒಂದು ಬೆಳಗಿನ ಜಾವ ಎಬ್ಬಿಸಿ, ಊಟದ ಡಬ್ಬಿ ಕೈಗಿಟ್ಟು, "ಪ್ರಾರ್ಥನೆ ರೈಲಿನಲ್ಲೂ ಮಾಡಬಹುದು" ಅಂದಳು. ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ಗಾಡಿ. ಬೋಗಿಯ ತುಂಬ ನಮ್ಮವರೇ, ನಾನು ವರ್ಷಗಟ್ಟಲೆ ಇಳಿಸಿ ಏರಿಸಿದವರು. ಕಾಲಿಡಲು ಜಾಗವಿಲ್ಲ, ಮೈಗೆ ಮೈ ಒತ್ತಿ ನಿಂತಿದ್ದೆವು. ಕಿಟಕಿಯಾಚೆ ಇನ್ನೂ ಕತ್ತಲು. ಅಂದು ನಾನೂ ಕೇಜಿನೊಳಗಿನವನಾದೆ.

ಮನಸಾರೆ ಹೋದೆ ಎಂದರೆ ಸುಳ್ಳಾಗುತ್ತದೆ. ತಿಂಗಳುಗಟ್ಟಲೆ ಗೊಣಗುತ್ತಲೇ ಹೋದೆ. ದೇವರ ಮುಂದೆ ಗೊಣಗಿದೆನೆಂದು ನಾಚಿಕೆಯಿಲ್ಲ. ಗೆತ್ಸೆಮನೆಯಲ್ಲಿ ಯೇಸುಸ್ವಾಮಿಯೂ ಬೇಡವೆನಿಸಿದ್ದನ್ನು ಬೇಡವೆಂದೇ ಬೇಡಿಕೊಂಡನು, ಅದೂ ಮತ್ತೆ ಮತ್ತೆ. ಆಮೇಲೆ ಎದ್ದು, ಹಿಡಿಯಲು ಬಂದವರಿಗೆ ಎದುರು ಹೋದನು. ನಿನಗೂ ಅಳು ಬಂದರೆ ಅವನ ಮುಂದೆಯೇ ಅಳು, ಮನಸ್ಸು ಒಪ್ಪಿದೆ ಎಂದು ನಟಿಸಬೇಡ.

ಬೈಬಲ್ ತೆರೆದು ಕಣ್ಣುಮುಚ್ಚಿ ಬೆರಳಿಟ್ಟು ಸಿಕ್ಕ ವಚನದಿಂದ ಊರು ಆರಿಸುವವರನ್ನು ಕಂಡಿದ್ದೇನೆ, ಅದು ಚೀಟಿ ಎತ್ತಿದ ಹಾಗೆ. ದಿನಾ ಓದು, ಇಡೀ ಅಧ್ಯಾಯ ಓದು, ದೇವರ ಸ್ವಭಾವ ತಿಳಿಯುತ್ತದೆ. ಹಗ್ಗ ನೋಡುವುದೆಂದರೆ ಅದು. ಇನ್ನು, "ಕರ್ತನು ನನಗೆ ತೋರಿಸಿದ" ಎನ್ನುತ್ತಾ ಯಾರಾದರೂ ನಿನ್ನ ಮದುವೆಗೋ ಸಂಬಳಕ್ಕೋ ಕೈಹಾಕಿದರೆ ಹೆದರಬೇಡ. ನಿನಗೆ ಹೇಳಬೇಕಾದ್ದನ್ನು ನಿನಗೇ ಹೇಳಲು ದೇವರಿಗೆ ಬರುತ್ತದೆ. ಆದರೆ ನಿನ್ನಿಂದ ಏನೂ ಬೇಡದ ಹಿರಿಯರು ಒಂದು ಮಾತು ಎರಡನೇ ಸಲ ಹೇಳಿದರೆ ನನ್ನ ಹಾಗೆ ಕಿವಿ ಮುಚ್ಚಬೇಡ. ಸಾಲದ ಕಂತು, ಅಮ್ಮನ ಮೊಣಕಾಲು ನೋವು ಇವೂ ಲೆಕ್ಕಕ್ಕೆ ಬರಲಿ. ಇವು ದೇವರ ಚಿತ್ತಕ್ಕೆ ಹೊರಗಿನ ಮಾತುಗಳಲ್ಲ.

ನೀನು ಯಾವುದನ್ನು ಹಿಡಿದರೂ ಗಟ್ಟಿಯಾಗಿ ಮುಷ್ಟಿ ಬಿಗಿಯಬೇಡ. ಮುಷ್ಟಿ ಬಿಡಿಸಿ ಒಪ್ಪಿಸಿದವರೊಬ್ಬರ ಮಾತು ಕೇಳು. 1876–78ರ ಬರದಲ್ಲಿ ತಬ್ಬಲಿಯಾದ ಮಕ್ಕಳನ್ನು ಕೋಲಾರದಲ್ಲಿ ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಹೆಂಗಸು ಸಾಕಿದರು. ನನ್ನ ಮುತ್ತಜ್ಜಿ ಆ ಮಕ್ಕಳಲ್ಲಿ ಒಬ್ಬಳೆಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ತಾವು ಕಟ್ಟಿದ ಮಿಷನ್ನನ್ನು ಮಿಸ್ ಆನ್‌ಸ್ಟಿ 1890ರಲ್ಲಿ ಮೆಥಡಿಸ್ಟ್ ಸಭೆಯ ಕೈಗೆ ಒಪ್ಪಿಸಿದರು. ಎತ್ತಿ ಆಡಿಸಿದ ಮಕ್ಕಳನ್ನು ಬೇರೆಯವರ ಕೈಗಿಡುವಾಗ ಆ ತಾಯಿಯ ಜೀವ ಹೇಗಾಯಿತೋ. 1910ರಲ್ಲಿ ಅದೇ ಸಭೆ ಕೋಲಾರದಲ್ಲಿ ಆಸ್ಪತ್ರೆ ತೆರೆಯಿತು. ನೀನು ಹುಟ್ಟಿದ ಇ.ಟಿ.ಸಿ.ಎಂ. ಆಸ್ಪತ್ರೆ ಅದೇ, ಮಗಳೇ. ಒಪ್ಪಿಸಿದ ದಿನ ಅವರಿಗೆ ಅದು ಕಂಡಿರಲಿಲ್ಲ.

ಕುವೈತೋ ಬಂಗಾರಪೇಟೆಯೋ ನಾನು ಹೇಳುವುದಿಲ್ಲ. ಎರಡೂ ಕೆಲಸದ ಕಾಗದ ತೆಗೆದುಕೊಂಡು ಶನಿವಾರ ಸಂಜೆ ಮನೆಗೆ ಬಾ. ಕನ್ನಡಕ ಹಾಕಿಕೊಂಡು ಒಂದೊಂದು ಸಾಲೂ ಓದುತ್ತೇನೆ. ಆಮೇಲೆ ಇಬ್ಬರೂ ಮಂಡಿಯೂರೋಣ.

ನಿನ್ನ ತಾತ