ಕೆರೆಗೆ ಅನುದಾನ: ಯಾರನ್ನು ಕೇಳಬೇಕು, ಏನು ಕೇಳಬೇಕು?

ಪ್ರಶ್ನೆ: ನಮ್ಮ ಬಡಾವಣೆಯ ಪಕ್ಕದ ಕೆರೆಗೆ ಚರಂಡಿ ನೀರು ಸೇರುತ್ತಿದೆ. ನೀರಿನ ಮೇಲೆಲ್ಲ ಅಂತರಗಂಗೆ, ಸಂಜೆಯಾದರೆ ಗಬ್ಬುನಾತ. ಹೂಳೆತ್ತಿಸಲು ಸರ್ಕಾರದ ಹಣ ಸಿಗುತ್ತದೆಯೇ?
– ಓದುಗರು, ಚಳ್ಳಕೆರೆ

ಉತ್ತರ: ಅವಕಾಶವಿದೆ. ಆದರೆ ಹೂಳೆತ್ತುವ ಮೊದಲು ಚರಂಡಿ ತಿರುಗಿಸಲು ಹಣ ಕೇಳಿ. ಕೊಳಚೆಯಲ್ಲಿರುವ ಸಾರಜನಕ, ರಂಜಕಗಳೇ ಅಂತರಗಂಗೆಗೆ ಗೊಬ್ಬರ. ಅದು ಸತ್ತು ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕವನ್ನು ಹೀರುತ್ತದೆ. ನಸುಕಿನಲ್ಲಿ ಏರಿಯ ಮೇಲೆ ನಿಂತು ನೋಡಿ. ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಕೆರೆಗೆ ಉಸಿರು ಕಟ್ಟಿದೆ ಎಂದೇ ತಿಳಿಯಿರಿ. ಕೊಳಚೆ ನಿಲ್ಲಿಸದೆ ಹೂಳೆತ್ತಿದರೆ ಹಣವೂ ಹೋಯಿತು, ಕೆರೆಯೂ ಹೋಯಿತು.

2021ರ ಅಕ್ಟೋಬರ್‌ನಲ್ಲಿ ಆರಂಭವಾದ ಅಮೃತ್ 2.0 ಯೋಜನೆಯಲ್ಲಿ ಪಟ್ಟಣದ ಕೆರೆಗಳ ಪುನಶ್ಚೇತನವೂ ಸೇರಿದೆ. 1 ಲಕ್ಷದೊಳಗಿನ ಜನಸಂಖ್ಯೆಯ ಊರಿಗೆ ಅರ್ಧ ವೆಚ್ಚ ಕೇಂದ್ರದ್ದು. 2011ರ ಜನಗಣತಿಯಲ್ಲಿ ಸುಮಾರು 55 ಸಾವಿರ ಜನರಿದ್ದ ಚಳ್ಳಕೆರೆ ಈ ಸಾಲಿಗೆ ಬರುತ್ತದೆ. ಇಂಥ ಊರುಗಳ ಕೊಳಚೆ ನೀರಿನ ನಿರ್ವಹಣೆಗೆ ನಗರ ಸ್ವಚ್ಛ ಭಾರತ್ 2.0ರಲ್ಲೂ ಹಣವಿದೆ. ವಿವರವಾದ ಯೋಜನಾ ವರದಿ (ಡಿಪಿಆರ್) ಮಾಡಿಸಿ ಕಳಿಸಬೇಕಾದದ್ದು ನಗರಸಭೆ. ಎರಡೂ ಐದು ವರ್ಷದ ಅವಧಿ ಇಟ್ಟುಕೊಂಡು ಹೊರಟ ಯೋಜನೆಗಳು. ಹಾಗಾಗಿ ಹೊಸ ಕಾಮಗಾರಿ ಸೇರಿಸಲು ಈಗ ಅವಕಾಶವಿದೆಯೇ ಎಂದು ಪೌರಾಯುಕ್ತರನ್ನು ಬರವಣಿಗೆಯಲ್ಲೇ ಕೇಳಿ.

ಪ್ರಶ್ನೆ: ನಮ್ಮೂರ ಕೆರೆ ಅಂಗಳದ ತುಂಬ ಜಾಲಿ ಬೆಳೆದಿದೆ. ಗೋಡನ್ನು ಹೊಲಕ್ಕೆ ಹೊಡೆಯಬಹುದೇ? ಯಾರನ್ನು ಕೇಳಬೇಕು?
– ರೈತರು, ಮೊಳಕಾಲ್ಮುರು ತಾಲ್ಲೂಕು

ಉತ್ತರ: ಅಚ್ಚುಕಟ್ಟು 40 ಹೆಕ್ಟೇರ್‌ಗಿಂತ ಕಡಿಮೆಯಿದ್ದರೆ ಕೆರೆ ಪಂಚಾಯತ್ ರಾಜ್ ವ್ಯವಸ್ಥೆಯ ಸುಪರ್ದಿಯಲ್ಲಿರುತ್ತದೆ, ಅದಕ್ಕಿಂತ ದೊಡ್ಡದಾದರೆ ಸಣ್ಣ ನೀರಾವರಿ ಇಲಾಖೆಯದು. ಮೊದಲು ಪಿಡಿಒ ಬಳಿ ಇದನ್ನು ಖಚಿತ ಮಾಡಿಕೊಳ್ಳಿ. ಪಂಚಾಯಿತಿ ಕೆರೆಯಾದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕ್ರಿಯಾಯೋಜನೆಗೆ ಸೇರಿಸಿ ಎಂದು ಕೇಳಿ, ನಡಾವಳಿಯಲ್ಲಿ ಬರೆಸಿ.

ನಿಮ್ಮ ಕಡೆಯ ಕೆಂಪು ಮರಳುಮಣ್ಣಿನ ಶೇಂಗಾ ಹೊಲಕ್ಕೆ ಕೆರೆಗೋಡು ಬಂಗಾರವೇ ಸರಿ, ಬಿದ್ದ ಮಳೆಯ ತೇವವನ್ನು ಹಿಡಿದಿಡುತ್ತದೆ. ಅನುಮತಿ ಪಡೆದೇ ಹೊಡೆಯಿರಿ. ಜೆಸಿಬಿ ಬಂದ ದಿನ ಊರಿನ ಇಬ್ಬರಾದರೂ ಅಲ್ಲಿರಲಿ. ಏರಿಯ ಬುಡ ಮುಟ್ಟಲು ಬಿಡಬೇಡಿ. ಕಪ್ಪು ಗೋಡು ಮುಗಿದು ಗರಸು ಕಂಡ ಕೂಡಲೇ ನಿಲ್ಲಿಸಿ. ಆಮೇಲೆ ಅಗೆಯುವುದು ಗಣಿಗಾರಿಕೆ. ಆ ಗುಂಡಿಗಳು ಮಳೆಗಾಲದಲ್ಲಿ ದನಕ್ಕೂ ಮಕ್ಕಳಿಗೂ ಮೃತ್ಯುಕೂಪ. ನೀರು ತರುವ ಹಳ್ಳವನ್ನೂ ಬಿಡಿಸಿ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಬಯಲುಸೀಮೆಯ 367 ಕೆರೆ ತುಂಬಿಸುವ ಗುರಿಯಿದೆ. ಆದರೆ ನೀರು ಬಂದಾಗ ನಿಲ್ಲಿಸಿಕೊಳ್ಳಲು ತೂಬು, ಕೋಡಿ, ಏರಿ ಗಟ್ಟಿಯಿರಬೇಕಲ್ಲ!

ಪ್ರಶ್ನೆ: ನಮ್ಮ ಕೆರೆಗೆ ಚಳಿಗಾಲದಲ್ಲಿ ಹೊರಗಿನ ಹಕ್ಕಿಗಳು ಬರುತ್ತವೆ. ಜೌಗುಪ್ರದೇಶವೆಂದು ಕೇಂದ್ರದ ನೆರವು ಪಡೆಯಬಹುದೇ?
– ಶಿಕ್ಷಕರು, ಚಳ್ಳಕೆರೆ ತಾಲ್ಲೂಕು

ಉತ್ತರ: ದಾರಿಯಿದೆ, ಆದರೆ ದೂರದ್ದು. ಜಲ ಪರಿಸರ ವ್ಯವಸ್ಥೆಗಳ ಸಂರಕ್ಷಣೆಯ ರಾಷ್ಟ್ರೀಯ ಯೋಜನೆಯಲ್ಲಿ (ಎನ್‌ಪಿಸಿಎ) ಕೇಂದ್ರ ಶೇ 60, ರಾಜ್ಯ ಶೇ 40 ಭರಿಸುತ್ತವೆ. ಪ್ರಸ್ತಾವ ರಾಜ್ಯ ಸರ್ಕಾರದಿಂದಲೇ ಹೋಗಬೇಕು. ನೆರೆಯ ವಿಜಯನಗರ ಜಿಲ್ಲೆಯ ಅಂಕಸಮುದ್ರ ನೀರಾವರಿಗೆಂದು ಕಟ್ಟಿದ ಕೆರೆ. 2024ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿತು. ಅದು ನಿಮಗೆ ಧೈರ್ಯ ಕೊಡಲಿ.

ಮಕ್ಕಳಿಗೊಂದು ನೋಟ್‌ಬುಕ್ ಕೊಡಿ. ಪ್ರತಿ ತಿಂಗಳು ಒಂದೇ ಜಾಗದಲ್ಲಿ ನಿಂತು ಹಕ್ಕಿ ಎಣಿಸಲಿ, ತೂಬಿನ ಕಲ್ಲಿನ ಮೇಲೆ ನೀರಿನ ಮಟ್ಟ ನೋಡಿ ಬರೆಯಲಿ. ಆ ಲೆಕ್ಕ ಪಂಚಾಯಿತಿಯ ಜೀವವೈವಿಧ್ಯ ದಾಖಲೆಗೆ ಸೇರಲಿ. ಜೊತೆಗೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಕೆರೆಯ ಸರ್ವೆ ಮಾಡಿಸಿ, ಗಡಿಕಲ್ಲು ನೆಡಿಸಿ. ಈ ಮಾತು ಮೇಲಿನ ಇಬ್ಬರಿಗೂ ಸೇರಿದ್ದು. ಗಡಿ ಗೊತ್ತಿಲ್ಲದ ಕೆರೆಗೆ ಮಂಜೂರಾದ ಹಣ ಒತ್ತುವರಿಯ ಜಗಳದಲ್ಲೇ ನಿಂತುಹೋಗುತ್ತದೆ.